ಎರಡೂವರೆ ಬಸ್ಸು ಎಂಬ ಬ್ಯಾಂಡು

ಕಳೆದ ವಾರ ಶಾಲೆಯ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನದ ಡಬ್ಬಿ ತೆರೆದು ಇನ್ನೇನು ಚಿತ್ರಾನ್ನಕ್ಕೆ ಕೈ ಹಾಕಬೇಕು, ಇಂಗ್ಲಿಷ್ ಮೇಡಂ ತಮ್ಮ ಫೋನನ್ನು ನನ್ನ ಮೂಗಿನ ಹತ್ತಿರ ತಂದು ಹಿಡಿದು, "ಶೈಲಾ ಮೇಡಂ, ಇದು ನೀವಾ?" ಎಂದರು. ಪರದೆಯ ಮೇಲೆ ಮಸುಕು ಮಸುಕಾದ ಒಂದು ವೇದಿಕೆ, ಅದರ ಮೇಲೆ ಮೂರು ಆಕೃತಿಗಳು. ಎಡಗಡೆ ಕೀಬೋರ್ಡಿನ ಹಿಂದೆ, ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಂಡ ಹುಡುಗಿಯೊಬ್ಬಳು ಪರೀಕ್ಷೆ ಬರೆಯುವವಳ ಹಾಗೆ ಮುಖ ಗಂಟಿಕ್ಕಿಕೊಂಡು ನಿಂತಿದ್ದಾಳೆ. ಹೌದು, ನಾನೇ. ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ಬೆಳಕಿನ ವಕ್ರೀಭವನ ಹೇಳಿಕೊಡುವ ನಾನು ಒಂದು ಕಾಲದಲ್ಲಿ ಸೈಕೆಡೆಲಿಕ್ ರಾಕ್ ಬ್ಯಾಂಡಿನಲ್ಲಿದ್ದೆ ಎಂಬುದು ನನ್ನ ಗಂಡನಿಗೆ ಬಿಟ್ಟರೆ ಈ ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವರೂ ಅದನ್ನು ಅಷ್ಟಾಗಿ ನಂಬಿದವರಲ್ಲ.

ಯಾರೋ ಪುಣ್ಯಾತ್ಮರು ಆ ಹಳೆಯ ವಿಡಿಯೋವನ್ನು ಇಂಟರ್ನೆಟ್ಟಿಗೆ ಹಾಕಿದ್ದರು. ಕೆಳಗೆ ಒಬ್ಬ ಸಂಗೀತಪ್ರೇಮಿ ಉದ್ದಕ್ಕೆ ಬರೆದಿದ್ದ. ಇವರ ಮೇಲೆ ಇಂಥಿಂಥ ನಾಲ್ಕು ವಿದೇಶಿ ಬ್ಯಾಂಡುಗಳ ಪ್ರಭಾವ ಸ್ಪಷ್ಟವಾಗಿ ಕಾಣುತ್ತದೆ ಅಂತ. ಆ ನಾಲ್ಕರಲ್ಲಿ ಮೂರರ ಹೆಸರನ್ನು ನಾನು ಕೇಳಿದ್ದೇ ಅವತ್ತು. ನಾಲ್ಕನೆಯದರ ಅರ್ಧ ಹಾಡು ಕೇಳಿದ್ದೆವು. ಇನ್ನರ್ಧಕ್ಕೆ ನಮ್ಮ ಗಿಟಾರಿನ ಅಜಿತನ ಮೆಮೊರಿ ಕಾರ್ಡಿನಲ್ಲಿ ಜಾಗ ಇರಲಿಲ್ಲ. ನಗು ತಡೆಯಲಾಗದೆ ಅಲ್ಲೇ ಕೂತು, "ಅವರ್ಯಾರೂ ಅಲ್ಲ ಕಣಪ್ಪ, ನಾವು ಕೇಳಿ ಬೆಳೆದದ್ದೇ ಬೇರೆ" ಎಂದು ಉತ್ತರ ಬರೆದು ಡಬ್ಬಿಯ ಕಡೆ ತಿರುಗಿದೆ. ಚಿತ್ರಾನ್ನ ಆರಿ ತಣ್ಣಗಾಗಿತ್ತು. ಮನಸ್ಸು ಮಾತ್ರ ಆ ದಿನವೆಲ್ಲ ನಾನು ಕಾಲೇಜು ಓದಿದ ಹಾಸನದಲ್ಲೇ ಅಲೆದಾಡುತ್ತಿತ್ತು.

ಸೈಕೆಡೆಲಿಕ್ ಅಂದರೇನು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಮಗೂ ಸರಿಯಾಗಿ ಗೊತ್ತಿರಲಿಲ್ಲ. ಒಂದೇ ಸ್ವರವನ್ನು ಹಿಡಿದುಕೊಂಡು ಬಹಳ ಹೊತ್ತು ಬಿಡದಿರುವುದು, ದನಿಯನ್ನು ಗುಂಯ್‌ಗುಡಿಸುವುದು, ಕೇಳುವವರಿಗೆ ಮಧ್ಯಾಹ್ನದ ಜೊಂಪಿನಲ್ಲಿ ಬೀಳುವ ಕನಸಿನಂತೆ ಅನ್ನಿಸುವ ಹಾಗೆ ಮಾಡುವುದು, ಇಷ್ಟು ಅಂತ ಅಂದುಕೊಂಡಿದ್ದೆವು. ನಮ್ಮ ತಂದೆಗೆ ಆ ಪದ 'ಸೈಕಲ್' ಎಂದೇ ಕೇಳಿಸುತ್ತಿತ್ತು. ನೆಂಟರು ಕೇಳಿದರೆ, "ಅದೇನೋ ಸೈಕಲ್ ಸಂಗೀತವಂತೆ, ಹುಡುಗರ ಜೊತೆ ಸೇರಿ ಬಾರಿಸ್ತಾಳೆ" ಎನ್ನುತ್ತಿದ್ದರು. ನೆಂಟರು ಗಂಭೀರವಾಗಿ ತಲೆಯಾಡಿಸುತ್ತಿದ್ದರು.

ಪ್ರಭಾವದ ಮಾತು ಬಂದರೆ ಮೊದಲು ಹೇಳಬೇಕಾದದ್ದು ಹೊಳೆನರಸೀಪುರದ ನಮ್ಮ ಮನೆಯ ಹಾರ್ಮೋನಿಯಂ. ನಮ್ಮ ತಂದೆ ಕನ್ನಡ ಮೇಷ್ಟ್ರು. ಶನಿವಾರ ಸಂಜೆ ದೇವಸ್ಥಾನದ ಬೀದಿಯವರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿ ಭಜನೆ ಮಾಡುತ್ತಿದ್ದರು. ಆ ಹಾರ್ಮೋನಿಯಮ್ಮಿನಲ್ಲಿ ಬೆರಳಿನಿಂದ ಒತ್ತುವ ಒಂದು ಕಪ್ಪು ಮನೆ ಕೆಳಗೆ ಹೋದದ್ದು ಮೇಲೆ ಬರುತ್ತಿರಲಿಲ್ಲ. ತಿದಿ ಒತ್ತಿದರೆ ಸಾಕು, ಆ ಸ್ವರ ತಾನಾಗಿ ಹೊರಟುಬಿಡುತ್ತಿತ್ತು. ರಿಪೇರಿಗೆ ಕೊಟ್ಟರೆ ಭಜನೆ ನಿಲ್ಲುತ್ತದೆ ಎಂದು ತಂದೆ ಎಲ್ಲ ಹಾಡುಗಳನ್ನೂ ಆ ಕೆಟ್ಟ ಸ್ವರಕ್ಕೇ ಹೊಂದಿಸಿಕೊಂಡರು. ಗಣಪತಿಯಿಂದ ಮಂಗಳಾರತಿಯವರೆಗೆ ಒಂದೇ ಶ್ರುತಿ. ಎತ್ತರದ ದನಿಯವರು ಕೆಳಗಿಳಿದು ಗೊಣಗಿದಂತೆ ಹಾಡುತ್ತಿದ್ದರು. ಕೆಳದನಿಯವರು ಕತ್ತು ಉದ್ದ ಮಾಡಿ ಕಿರುಚುತ್ತಿದ್ದರು. ನನಗೆ ಬುದ್ಧಿ ಬಂದಾಗಿನಿಂದ ಸಂಗೀತ ಎಂದರೆ ತಳದಲ್ಲಿ ನಿಲ್ಲದೆ ಹರಿಯುವ ಒಂದು ಸ್ವರ, ಅದರ ಮೇಲೆ ಜನ ಒದ್ದಾಡುವುದು, ಹೀಗೇ ತಿಳಿದಿದ್ದೆ. ಮುಂದೆ ಕಾಲೇಜಿನಲ್ಲಿ ಕೀಬೋರ್ಡ್ ಸಿಕ್ಕಾಗ ಎಡಗೈಯ ಒಂದು ಬೆರಳು ಅಭ್ಯಾಸಬಲದಿಂದ ಒಂದು ಮನೆಯನ್ನು ಒತ್ತಿ ಹಿಡಿದುಬಿಟ್ಟಿತು. ಅಜಿತ ಗಿಟಾರು ಕೆಳಗಿಟ್ಟು, "ಅದನ್ನ ಬಿಡಬೇಡ, ಹಾಗೇ ಹಿಡಿದುಕೊಂಡಿರು" ಅಂದ. ಬ್ಯಾಂಡು ಹುಟ್ಟಿದ್ದು ಹಾಗೆ.

ಅಜಿತ ಜಿನನಾಥಪುರದವನು. ಬಿ.ಎಸ್ಸಿ. ಓದಲು ಹಾಸನಕ್ಕೆ ಬಂದು ಸಾಲಗಾಮೆ ರಸ್ತೆಯ ಸೋದರಮಾವನ ಮನೆಯಲ್ಲಿದ್ದ. ಅವನ ಊರಿನ ಬಸದಿಗೆ ಒಮ್ಮೆ ರಜೆಯಲ್ಲಿ ನಮ್ಮನ್ನು ಕರೆದುಕೊಂಡು ಹೋಗಿದ್ದ. ಅವನ ಅಜ್ಜಿ ಬೆಳಿಗ್ಗೆ ಅಲ್ಲಿ ಕೂತು ಸ್ತೋತ್ರ ಹೇಳುತ್ತಿದ್ದರು. ಸಣ್ಣ ದನಿ, ಹಲ್ಲಿಲ್ಲದ ಬಾಯಿ. ಆದರೆ ಆ ದನಿ ಕಂಬಗಳನ್ನು ಸುತ್ತಿ, ಚಾವಣಿ ಮುಟ್ಟಿ, ಇನ್ನೂ ದೊಡ್ಡದಾಗಿ ಹಿಂದಿರುಗಿ ಬರುತ್ತಿತ್ತು. ಒಬ್ಬ ಅಜ್ಜಿಯಲ್ಲ, ಊರಿನ ಎಲ್ಲ ಅಜ್ಜಿಯಂದಿರೂ ಕೂತು ಹೇಳುತ್ತಿದ್ದಾರೆ ಅನ್ನಿಸುತ್ತಿತ್ತು. ನಾವು ಬೆರಗಾಗಿ ಪಿಸುಗುಟ್ಟುತ್ತಿದ್ದುದನ್ನು ಕಂಡು ಅಜ್ಜಿ, "ಇಲ್ಲಿ ಕಲ್ಲು ಮಾತಾಡ್ತದೆ. ನೀವು ಸುಮ್ಮನಿರಿ" ಎಂದು ಗದರಿದರು.

ಆ ಕಲ್ಲಿನ ಮಾತು ತನ್ನ ಗಿಟಾರಿಗೆ ಬರಬೇಕು ಎಂದು ಅಜಿತನಿಗೆ ಹಟ. ಅಂಥ ದನಿ ಬರಿಸುವ ಯಂತ್ರ ಪೇಟೆಯಲ್ಲಿ ಸಿಗುತ್ತಿತ್ತು, ಕೊಳ್ಳುವ ತಾಕತ್ತು ನಮಗಿರಲಿಲ್ಲ. ಅವನ ಮಾವ ಆಗ ಹೊಸ ಮನೆ ಕಟ್ಟಿಸುತ್ತಿದ್ದರು. ನೆಲದೊಳಗಿನ ನೀರಿನ ಸಂಪು ಸಿಮೆಂಟು ಮೆತ್ತಿಸಿಕೊಂಡು ಖಾಲಿ ಇತ್ತು. ಅಜಿತ ಹಗ್ಗ ಕಟ್ಟಿ ಸ್ಪೀಕರನ್ನು ಸಂಪಿನೊಳಕ್ಕೆ ಇಳಿಬಿಟ್ಟು, ಸಂಪಿನ ಬಾಯಿಯ ಹತ್ತಿರ ಮೈಕು ಇಟ್ಟು ನುಡಿಸಿದ. ನಿಜಕ್ಕೂ ಮೈ ಜುಮ್ಮೆನ್ನುವ ದನಿ ಅದು. ಪಕ್ಕದ ಮನೆಯ ಗೃಹಿಣಿ ಒದ್ದೆ ಕೈಯಲ್ಲೇ ಓಡಿ ಬಂದು, ಸಂಪಿಗೆ ಯಾರು ಬಿದ್ದರು, ಅಳುವುದು ಕೇಳಿಸುತ್ತಿದೆ ಎಂದು ಗಾಬರಿಯಿಂದ ಕೇಳಿದರು. ಗಿಟಾರು ಎಂದು ಅಜಿತ ವಿವರಿಸಿದ. ಅದಕ್ಕೇನು ಸಂಕಟ ಎಂದು ಕೇಳಿ ಅವರು ವಾಪಸು ಹೋದರು.

ಹಾಡುವುದು ನನ್ನ ಪಾಲಿಗೆ ಬಂದಿತ್ತು. ಸಾಹಿತ್ಯ ಬರೆಯಲು ಯಾರಿಗೂ ಬರುತ್ತಿರಲಿಲ್ಲ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು ಊರುಗಳ ಹೆಸರನ್ನು ಉಸಿರು ಬಿಡದೆ ಕೂಗುತ್ತಿದ್ದರಲ್ಲ, ಆ ಏರಿಳಿತವನ್ನೇ ಎತ್ತಿಕೊಂಡೆವು. ಹೊಳೆನರಸೀಪುರ, ಅರಕಲಗೂಡು, ರಾಮನಾಥಪುರ, ಇಷ್ಟೇ ನಮ್ಮ ಅತಿ ದೊಡ್ಡ ಹಾಡಿನ ಪೂರ್ತಿ ಸಾಹಿತ್ಯ. ಬ್ಯಾಂಡಿನ ಹೆಸರು ಬಂದದ್ದೂ ಬಸ್ಸಿನಿಂದಲೇ. ಶನಿವಾರ ಅಭ್ಯಾಸ ಮುಗಿಸಿ ಊರಿಗೆ ಓಡುವ ಅವಸರದಲ್ಲಿದ್ದ ನನ್ನನ್ನು ಕಾಲೇಜಿನ ಮೇಷ್ಟ್ರೊಬ್ಬರು ತಡೆದು, ಯುವಜನೋತ್ಸವಕ್ಕೆ ನಿಮ್ಮ ತಂಡದ ಹೆಸರು ಕೊಡಿ ಎಂದರು. ನಾನು, "ಎರಡೂವರೆ ಬಸ್ಸು ಸಾರ್, ಹೊರಟುಬಿಡುತ್ತೆ" ಎಂದೆ. ಅವರು ಮೊದಲರ್ಧವನ್ನೇ ಹೆಸರೆಂದು ಬರೆದುಕೊಂಡರು.

ಇಷ್ಟರವರೆಗೆ ಎಲ್ಲ ತಮಾಷೆ. ಆದರೆ ಆ ಹಾಡಿಗೆ ಜೀವ ಕೊಟ್ಟದ್ದು ಹಾರ್ಮೋನಿಯಮ್ಮೂ ಅಲ್ಲ, ಸಂಪೂ ಅಲ್ಲ. ಅದು ಆನಂದನ ತಾಳ.

ಆನಂದ ಅರಕಲಗೂಡಿನವನು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ಮಾತು ಕಡಿಮೆ. ಅಜಿತನ ಮಾವನ ಸಿಮೆಂಟು ಗೋಡೌನಿನಲ್ಲಿ ಬಾಡಿಗೆಗೆ ತಂದ ಡ್ರಮ್ಮುಗಳ ಹಿಂದೆ ಕೂತರೆ ಮಾತ್ರ ಬೇರೆಯೇ ಮನುಷ್ಯ. ಒಂದು ಶನಿವಾರ ನಾನು ಸ್ವರ ಹಿಡಿದು, ಅಜಿತ ಗಿಟಾರನ್ನು ಗುಂಯ್‌ಗುಡಿಸುತ್ತಿದ್ದಾಗ, ಆನಂದನ ಕೈ ತಾನಾಗಿ ಒಂದು ಗತ್ತಿಗೆ, ಬಡಿತದ ಬೇರೆಯೇ ಒಂದು ಬಗೆಗೆ ಹೊರಳಿತು. ತಡವರಿಸಿದಂತೆ ಶುರುವಾಗಿ, ಇನ್ನೇನು ನಿಂತಿತು ಅನ್ನುವಾಗ ಮತ್ತೆ ಎದ್ದು ಮುನ್ನುಗ್ಗುವ ತಾಳ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ, ಕೇಳುತ್ತಾ ಯಾಕೋ ಅಳುವೂ ಬರುತ್ತಿತ್ತು. ಇದನ್ನು ಎಲ್ಲಿ ಕಲಿತೆ ಎಂದು ಕೇಳಿದರೆ ಎಲ್ಲೋ ಕೇಳಿದ್ದು ಎಂದು ತೇಲಿಸಿದ. ಯುವಜನೋತ್ಸವಕ್ಕೆ ಇದೇ ಹಾಡು ಎಂದು ನಾವು ಕುಣಿದಾಡಿದ ಮೇಲೆ, ಮುಖ ಸಣ್ಣದು ಮಾಡಿಕೊಂಡು, ಅಪ್ಪನನ್ನು ಕೇಳದೆ ಇದನ್ನು ಬಾರಿಸಲಾರೆ ಎಂದ. ಅಪ್ಪ ಹಿಂದೆ ಹೆಣದ ಮುಂದೆ ತಮಟೆ ಬಾರಿಸುತ್ತಿದ್ದರಂತೆ, ಇದು ಅವರ ಗತ್ತಂತೆ. ಅವನು ಚಿಕ್ಕವನಿದ್ದಾಗಲೇ ಅವರು ತಮಟೆ ಬಿಟ್ಟುಬಿಟ್ಟಿದ್ದರಂತೆ. ಮನೆಯಲ್ಲಿ ಆ ಮಾತೇ ಇಲ್ಲವಂತೆ.

ಮುಂದಿನ ಭಾನುವಾರ ನಾವು ಮೂವರೂ ಅರಕಲಗೂಡಿಗೆ ಹೋದೆವು. ಆನಂದನ ಅಪ್ಪ ಸಿದ್ದಯ್ಯನವರು ರಾಮನಾಥಪುರದ ಕಡೆ ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನಲ್ಲಿ ಬೆಂಕಿ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಎತ್ತರದ ಆಳು, ಕೆಂಪಗಿನ ಕಣ್ಣು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಆನಂದ ಹೈಸ್ಕೂಲಿನಲ್ಲಿ ಗೆದ್ದ ಕಪ್ಪುಗಳು. ನಮ್ಮನ್ನು ಕೂರಿಸಿ ಟೀ ಕೊಡಿಸಿದರು. ಆನಂದ, ಇದನ್ನು ಬಾರಿಸಲಾ ಎಂದು ಕೇಳಿ, ಇಯರ್‌ಫೋನನ್ನು ಅವರ ಕಿವಿಗೆ ಸಿಕ್ಕಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ ನಮ್ಮ ಹಾಡು ಹಾಕಿದ. ಅವರು ನೆಲ ನೋಡುತ್ತಾ ಕೊನೆಯವರೆಗೂ ಕೇಳಿದರು. ವೈರನ್ನು ಬೆರಳಿಗೆ ಸುತ್ತಿ ಮಗನ ಕೈಗೆ ಕೊಟ್ಟರು.

"ಚೆನ್ನಾಗದೆ," ಎಂದರು. ನಮ್ಮ ಟೀ ಲೋಟಗಳನ್ನು ಎತ್ತಿಟ್ಟು, "ಬ್ಯಾಡ ಕಣ್ಲಾ" ಎಂದರು.

ಯಾಕೆ ಎಂದು ಅವರೇ ಹೇಳಿದರು. ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಇವರಿಗೆ ಹೇಳಿ ಕಳಿಸುತ್ತಿದ್ದರಂತೆ. ಜ್ವರ ಬಂದು ಮಲಗಿದ್ದರೂ ಎದ್ದು ಹೋಗಬೇಕು. ಬೀದಿಯಲ್ಲಿ ಹುಲ್ಲು ಉರಿಸಿ ತಮಟೆ ಕಾಯಿಸಿಕೊಳ್ಳಬೇಕು, ಹೆಣದ ಮುಂದೆ ಕುಣಿಯಬೇಕು, ಬಾಗಿಲೊಳಗೆ ಕಾಲಿಡುವಂತಿಲ್ಲ. ಅವರ ಅಣ್ಣ ತೀರಿಕೊಂಡ ದಿನವೇ ಊರಿನ ದೊಡ್ಡ ಮನೆಯೊಂದರಲ್ಲೂ ಸಾವಾಯಿತು. ಅಣ್ಣನ ಹೆಣ ಅಂಗಳದಲ್ಲಿ ಇದ್ದ ಹಾಗೇ ಇವರಿಗೆ ಕರೆ ಬಂತು. ಬರುವುದಿಲ್ಲ ಎನ್ನುವ ಕಾಲ ಅದಲ್ಲ. ಅಲ್ಲಿ ಬಾರಿಸಿ, ಮೆರವಣಿಗೆ ಮುಗಿಸಿ, ಇವರು ವಾಪಸು ಬರುವಷ್ಟರಲ್ಲಿ ಅಣ್ಣನನ್ನು ಮಣ್ಣು ಮಾಡಿ ಆಗಿತ್ತು.

"ಕಂಡೋರಿಗೆಲ್ಲ ಬಾರಿಸ್ದೆ. ಅಣ್ಣಂಗೆ ಒಂದೇಟು ಹಾಕಕ್ಕಾಗಲಿಲ್ಲ ಕಣವ್ವ," ಎಂದು ನನ್ನ ಕಡೆ ನೋಡಿ ಹೇಳಿದರು. ಆ ತಮಟೆಯನ್ನು ಬ್ಯಾರನ್ನಿನ ಒಲೆಗೆ ತಾವೇ ಹಾಕಿದರಂತೆ. ಒಣಗಿದ ಚರ್ಮ, ಬೇಗ ಉರಿದುಹೋಯಿತು ಎಂದರು. ಅದಾದ ಮೇಲೆ ಅವರ ಓಣಿಯವರೆಲ್ಲ ಬೌದ್ಧರಾದರು. ಕರೆಯುವುದನ್ನು ಊರಿನವರೂ ಬಿಟ್ಟರು.

 ಮುಂದಿನ ಅಭ್ಯಾಸಗಳಲ್ಲಿ ಆನಂದ ಬೇರೊಂದು ತಾಳ ಹಾಕಿದ. ಎಲ್ಲ ಸರಿಯಾಗಿಯೇ ಇತ್ತು; ಹಾಡು ಮಾತ್ರ ಉಪ್ಪಿಲ್ಲದ ಸಾರಿನಂತಾಗಿತ್ತು. ಅಜಿತ ತನ್ನ ಗಿಟಾರನ್ನೇ ಜಾಸ್ತಿ ಗುಂಯ್‌ಗುಡಿಸಿ ಆ ಕೊರತೆ ಮುಚ್ಚಲು ನೋಡಿದ. ನಾನು ಕಂಡಕ್ಟರನಂತೆ ಇನ್ನೂ ಜೋರಾಗಿ ಕೂಗಿದೆ. ಏನೂ ಪ್ರಯೋಜನವಾಗಲಿಲ್ಲ.

ಹೀಗಿರುವಾಗ ಒಂದು ಶನಿವಾರ ಮಧ್ಯಾಹ್ನ ಗೋಡೌನಿನ ಶಟರಿನ ಕೆಳಗೆ ಬಗ್ಗಿ ಸಿದ್ದಯ್ಯನವರು ಒಳಗೆ ಬಂದರು. ಬಿಳಿ ಅಂಗಿ, ಮಡಿಚಿ ಹೆಗಲ ಮೇಲೆ ಹಾಕಿದ ಟವಲು. ಅಜಿತ ಓಡಿಹೋಗಿ ಕುರ್ಚಿ ತಂದ. ಬಾರಿಸಿ, ಕೇಳುತ್ತೇನೆ ಎಂದರು. ಬಾರಿಸಿದೆವು. ಇದು ನೀವು ಅವತ್ತು ಕೇಳಿಸಿದ ಹಾಡಲ್ಲ ಎಂದರು. ಆನಂದ ತಲೆ ಎತ್ತದೆ, "ನೀವು ಬ್ಯಾಡ ಅಂದ್ರಲ್ಲಪ್ಪ" ಎಂದ.

ಅವರು ಒಂದೊಂದಾಗಿ ಪ್ರಶ್ನೆ ಕೇಳತೊಡಗಿದರು. ಎಲ್ಲಿ ಬಾರಿಸುವುದು? ಹಾಸನದ ಸಭಾಂಗಣದಲ್ಲಿ. ಯಾರು ಕರೆದದ್ದು? ಕಾಲೇಜಿನವರು. ಆನಂದ ಬಾರಿಸುವುದು ನಿಂತುಕೊಂಡೋ, ಕೂತುಕೊಂಡೋ? ಕೂತುಕೊಂಡು. ಕೇಳುವವರು? ಅವರೂ ಕೂತುಕೊಂಡು. ಇದನ್ನೆಲ್ಲ ಕೇಳಿಸಿಕೊಂಡು ಟವಲಿನ ಅಂಚು ಸವರಿದರು.

"ನಾ ಸುಟ್ಟಿದ್ದು ಚರ್ಮವ. ನಿನ್ ಕೈಗೆ ಅದು ಎಂಗ್ ಬಂತೋ ನಂಗೊತ್ತಿಲ್ಲ, ನಾನಂತೂ ಯೇಳ್ಕೊಟ್ಟಿಲ್ಲ. ಬಂದದೆ, ಬಾರ್ಸು," ಎಂದರು. "ಆದ್ರೆ ಯಾರ್ದು ಅಂತ ಮೈಕಲ್ಲಿ ಯೇಳ್ಬುಟ್ಟು ಬಾರ್ಸು. ಬಚ್ಚಿಟ್ಕಂಡು ಬಾರ್ಸಂಗಿದ್ರೆ ಬ್ಯಾಡ."

ಅವರು ಹೋದ ಮೇಲೆ ನಾನೂ ಅಜಿತನೂ ಖುಷಿಯಿಂದ ಕೂಗಾಡಿದೆವು. ಆನಂದ ಮಾತ್ರ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ. ಹಾಸ್ಟೆಲಿನಲ್ಲಿ, ಕ್ಲಾಸಿನಲ್ಲಿ ಅಪ್ಪ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ವ್ಯವಸಾಯ ಎಂದು ಹೇಳಿ ಮುಗಿಸುತ್ತಿದ್ದನಂತೆ. ಈಗ ಇಡೀ ಸಭೆಯ ಎದುರು ಹೇಳಬೇಕು. ಅದಕ್ಕೇನು, ಹೇಳಿದರಾಯಿತು ಎಂದೆ ನಾನು, ನನಗೆ ತೋಚಿದ ಹಾಗೆ.

"ನಿಮ್ಮಪ್ಪ ಹಾರ್ಮೋನಿಯಂ ಬಾರಿಸ್ತಾರೆ ಅನ್ನೋಕೆ ನೀನು ಯಾವತ್ತಾದ್ರೂ ಯೋಚ್ನೆ ಮಾಡಿದ್ದೀಯಾ ಶೈಲಾ?" ಎಂದು ಆನಂದ ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ.  ಅವತ್ತು ನಾವಿಬ್ಬರೂ ಎರಡೂವರೆ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ನಮ್ಮ ನಮ್ಮ ಊರಿಗೆ ಹೋದೆವು.

ನಡುವೆ ಒಂದು ಮಾತು ಹೇಳಿಬಿಡುತ್ತೇನೆ. ಈ ಬ್ಯಾಂಡು ಆಮೇಲೆ ದೊಡ್ಡ ಹೆಸರು ಮಾಡಿತು ಎಂದು ನೀವು ಕಾಯುತ್ತಿದ್ದರೆ ದಯವಿಟ್ಟು ಕಾಯಬೇಡಿ. ಡಿಗ್ರಿ ಮುಗಿಯುವುದರೊಳಗೆ ಇನ್ನೊಂದೆರಡು ಕಡೆ ನುಡಿಸಿದೆವು, ಅಷ್ಟೇ. ಅಜಿತ ಈಗ ಹಾಸನದಲ್ಲಿ ಮಾವನ ಸಿಮೆಂಟು ವ್ಯಾಪಾರ ನೋಡಿಕೊಳ್ಳುತ್ತಾನೆ. ಬೋಳು ತಲೆ, ಗಿಟಾರು ಅಟ್ಟದ ಮೇಲೆ. ಆನಂದ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಾನೆ. ಸಂಜೆ ತನ್ನ ಮನೆಯಲ್ಲಿ ಮಕ್ಕಳಿಗೆ ತಾಳ ಹೇಳಿಕೊಡುತ್ತಾನೆ. ನಾನು ಪ್ರತಿಧ್ವನಿಯ ಪಾಠ ಬಂದಾಗ ಸಂಪಿನ ಕಥೆ ಹೇಳುತ್ತೇನೆ. ಮಕ್ಕಳು ನಾನು ಕಟ್ಟಿ ಹೇಳುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ಉತ್ಸವದ ದಿನ ಮಧ್ಯಾಹ್ನಕ್ಕೆ ನಮ್ಮ ಸರದಿ. ಪರದೆಯ ಸಂದಿಯಿಂದ ನೋಡಿದೆ. ನಮ್ಮ ತಂದೆ ಹೊಳೆನರಸೀಪುರದಿಂದ ಬಂದು ಮುಂದುಗಡೆ ಕೂತಿದ್ದರು. ಅವರ ಪಕ್ಕದ ಕುರ್ಚಿಯಲ್ಲಿ, ಯಾರೆಂದು ಪರಸ್ಪರ ತಿಳಿಯದೆ, ಸಿದ್ದಯ್ಯನವರು. ಹಿಂದಿನ ಸಾಲುಗಳಲ್ಲಿ ಹಾಸ್ಟೆಲಿನ ಹುಡುಗರು ಸೀಟಿ ಹೊಡೆಯುತ್ತಿದ್ದರು. ಆನಂದ ಹೇಳುತ್ತಾನೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ನಾವು ಕೇಳಿರಲೂ ಇಲ್ಲ. ಹೇಳದಿದ್ದರೆ ಯಾವ ತಾಳ ಬರುತ್ತದೋ ಅದಕ್ಕೆ ನುಡಿಸುವುದು ಎಂದು ಅಜಿತ ನನ್ನ ಕಿವಿಯಲ್ಲಿ ಹೇಳಿದ್ದ.

ನಾನು ಸ್ವರ ಒತ್ತಿ ಹಿಡಿದೆ. ಆನಂದ ಡ್ರಮ್ಮಿನ ಹಿಂದಿನಿಂದ ಎದ್ದು ನನ್ನ ಮೈಕಿನ ಹತ್ತಿರ ಬಂದ. ಅವನ ಉಸಿರು ಮೊದಲು ಕೇಳಿಸಿತು.

"ಈ ಹಾಡಿನ ತಾಳ ನಂದಲ್ಲ, ನಮ್ಮಪ್ಪಂದು," ಎಂದ. "ನಮ್ಮಪ್ಪ ಅರಕಲಗೂಡಿನಲ್ಲಿ ತಮಟೆ ಬಾರಿಸ್ತಿದ್ರು. ಹೆಸರು ಸಿದ್ದಯ್ಯ. ಇಲ್ಲೇ ಕೂತಿದ್ದಾರೆ."

ಹಿಂದುಗಡೆ ಯಾರೋ ಕಿಸಕ್ಕೆಂದದ್ದು ಕೇಳಿಸಿತು. ಅದು ಅಲ್ಲಿಗೇ ನಿಂತಿತು. ಆನಂದ ಹೋಗಿ ಕೂತು ಕೋಲೆತ್ತಿದ. ತಡವರಿಸಿದಂತೆ ಶುರುವಾದ ಗತ್ತು ಎದ್ದು ನಿಂತು ಇಡೀ ಸಭಾಂಗಣವನ್ನು ತುಂಬಿತು. ಅಜಿತ ಯಾವ ಸಂಪಿನ ಸಹಾಯವೂ ಇಲ್ಲದೆ ಅವತ್ತು ಎಷ್ಟು ಚೆನ್ನಾಗಿ ನುಡಿಸಿದನೆಂದರೆ ಮತ್ತೆ ಯಾವತ್ತೂ ಹಾಗೆ ನುಡಿಸಲಿಲ್ಲ. ನಾನು ಊರುಗಳ ಹೆಸರು ಕೂಗುತ್ತಾ ಹೋದೆ. ಅರಕಲಗೂಡು ಎಂಬ ಹೆಸರು ಬಂದಾಗ ಒಂದು ಸುತ್ತು ತಪ್ಪಿಸಿಕೊಂಡೆ; ಯಾರಿಗೂ ಗೊತ್ತಾಗಲಿಲ್ಲ. ನಮ್ಮ ತಂದೆ ತೊಡೆಯ ಮೇಲೆ ತಾಳ ಹಾಕಲು ಹೋಗಿ, ಎಲ್ಲೆಲ್ಲೋ ತಪ್ಪಿ, ಮತ್ತೆ ಹಿಡಿಯಲು ಒದ್ದಾಡುತ್ತಿದ್ದರು. ಸಿದ್ದಯ್ಯನವರು ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡು, ಮಗನ ಕೈಯನ್ನೇ ನೋಡುತ್ತಾ ಕದಲದೆ ಕೂತಿದ್ದರು.

ಬಹುಮಾನ ಸಿಗಲಿಲ್ಲ. ಇದು ಯಾವ ವಿಭಾಗಕ್ಕೆ ಸೇರುತ್ತದೆಂದು ತೀರ್ಪುಗಾರರಿಗೆ ತಿಳಿಯಲಿಲ್ಲವಂತೆ. ಹಾಸ್ಟೆಲಿನ ಇಬ್ಬರು ಹುಡುಗರು ಅವತ್ತಿನಿಂದ ಆನಂದನ ಜೊತೆ ಮಾತು ಬಿಟ್ಟರು. ಅವನಿಗಿಂತ ಮೊದಲು ಅವರಿಬ್ಬರ ಹೆಸರು ನಾನು ಮರೆತೆ. ಇನ್ನು ಕೆಲವರು, ತಮ್ಮ ಮನೆಯವರು ಏನು ಮಾಡುತ್ತಾರೆಂದು ಯಾರಿಗೂ ಹೇಳದಿದ್ದವರು, ಸಂಜೆ ಅವನ ಕೋಣೆಗೆ ಬಂದು ಕೂತು ಹೋದರಂತೆ.

ಕಾರ್ಯಕ್ರಮ ಮುಗಿದ ಮೇಲೆ ಹೊರಗಿನ ಕ್ಯಾಂಟೀನಿನ ಮುಂದೆ ಎಲ್ಲರೂ ಕಾಫಿಗೆ ನಿಂತಿದ್ದೆವು. ನಾನು ಎರಡೂ ಕಡೆಯವರಿಗೆ ಪರಿಚಯ ಮಾಡಿಸಿದೆ. ನಮ್ಮ ತಂದೆಗೆ ಏನು ಮಾತಾಡಬೇಕೆಂದು ತೋಚದೆ, "ಊಟ ಆಯ್ತೇ?" ಎಂದರು. ಸಿದ್ದಯ್ಯನವರು, "ಆಯ್ತು ಮೇಷ್ಟ್ರೇ" ಎಂದರು. ಇಬ್ಬರೂ ಕಾಫಿ ಕುಡಿದರು. ಆನಂದ ಸ್ವಲ್ಪ ದೂರದಲ್ಲಿ, ಅಪ್ಪ ಏನೆನ್ನುತ್ತಾರೋ ಎಂದು ಕಾಯುತ್ತಾ ನಿಂತಿದ್ದ. ಅವರು ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡು, ಮಗನಿಗಲ್ಲ, ನನಗೆ ಹೇಳಿದರು:

"ಯಾರೂ ಸತ್ತಿರ್ಲಿಲ್ಲ. ಆದ್ರೂ ಅಷ್ಟು ಜನ ಸುಮ್ಕೆ ಕುಂತು ಕೇಳುದ್ರಲ್ಲ ಕಣವ್ವ."

ಆಮೇಲೆ ಟವಲನ್ನು ಹೆಗಲಿಗೆ ಸರಿಮಾಡಿಕೊಂಡು ಆನಂದನ ಕಡೆ ತಿರುಗಿ, ಮತ್ತೆ ಯಾವತ್ತು ಬಾರಿಸುತ್ತೀರಿ ಎಂದು ಕೇಳಿದರು.